ಹಗೇವಿನಲ್ಲಿಟ್ಟ ಮೇಣ

…ಮುಚ್ಚಳ ಎಲ್ಲೋ? ನಾನು ಕೇಳ್ತಿರೋದು ಮುಚ್ಚಳ ಎಲ್ಲಿ ಅಂತ! ಬೇರೆ ಕಥೆ ಆಮೇಲೆ. ಓಹೋ, ಬಾನೆಟ್ ಮೇಲಾ? ಡಬ್ಬ ಒಂದ್ಕಡೆ, ಮುಚ್ಚಳ ಒಂದ್ಕಡೆ, ನಿನ್ನೆಯಿಂದ ಬಿಸಿಲಲ್ಲಿ, ಹಪ್ಪಳ ಒಣಗಿಸಿದ ಹಂಗೆ! ಭೇಷ್ ಕಣೋ ನಜೀರ, ಭೇಷ್. ಡ್ರೈವರ್ ಅಂತ ಬಂದು ಇನ್ನೂ ಹದಿನೈದು ದಿನ ಆಗಿಲ್ಲ, ನನ್ನ ಮೇಣಕ್ಕೆ ತಿಥಿ ಮಾಡ್ಬಿಟ್ಟೆ.

ಮೂಸು. ಮೂಸು ಅಂದ್ನಲ್ಲ! ನೋಡು, ಎಣ್ಣೆ ಬೇರೆ, ಮೇಣ ಬೇರೆ ಆಗೋಗಿದೆ, ಒಡೆದ ಹಾಲು ಇದ್ದಂಗೆ. ಬೆರಳಲ್ಲಿ ತಿಕ್ಕು. ಗರಗರ ಅನ್ನುತ್ತಾ? ಮರಳು! ಕೊಡಿಗೇಹಳ್ಳಿ ರಸ್ತೆ ಧೂಳೆಲ್ಲ ನನ್ನ ಡಬ್ಬದಲ್ಲಿದೆ. ಇದನ್ನ ಪ್ಲಿಮತ್ ಕಾರಿಗೆ ಹಚ್ಚಿದ್ರೆ ಕಾರು ಹೊಳೆಯಲ್ಲ, ಬೆಕ್ಕು ಪರಚಿದಂಗೆ ಗೀರು ಬೀಳುತ್ತೆ. ಯಾಕೆ ನಗ್ತೀಯ? ನಕ್ಕೆ ಕಣೋ, ನಾನು ನೋಡ್ದೆ. ನಗು, ನಗು. ಪಿಳ್ಳಪ್ಪನೂ ಒಂದ್ಸಲ ಹಿಂಗೇ ನಕ್ಕಿದ್ದ. ಅದೇ ನಿನಗಿಂತ ಮುಂಚೆ ಇದ್ದೋನು. ಡಬ್ಬ ತಲೆ ಮೇಲೆ ಇಟ್ಕೊಂಡು ಅಂಗಳದಲ್ಲಿ ನಿಂತ್ಕೋ ಅಂದೆ. ಮೇಣ ಕರಗಿ ಕಿವಿ ಮೇಲೆ ಇಳಿಯೋವರೆಗೂ ನಿಂತಿದ್ದ. ಬಿಸಿಲು ಅಂದ್ರೆ ಮೇಣಕ್ಕೆ ಏನಾಗುತ್ತೆ ಅಂತ ಆಮೇಲೆ ಯಾರೂ ಅವನಿಗೆ ಹೇಳ್ಕೊಡಬೇಕಾಗಲಿಲ್ಲ.

ಇದು ಬಜಾರಲ್ಲಿ ಸಿಗೋ ಸಾಮಾನಲ್ಲ ಕಣೋ. ಕಾರು ಮಾರಿದ ಇಂಗ್ಲಿಷ್ ದೊರೆ ಸೀಮೆಗೆ ಹೋಗೋವಾಗ ಹನ್ನೆರಡು ಡಬ್ಬ ಕೊಟ್ಟು ಹೋದ. ಈಗ ಪರದೇಶದ ಸಾಮಾನು ತರಿಸೋಕೆ ಆಗುತ್ತಾ? ದೆಹಲಿಗೆ ಅರ್ಜಿ ಹಾಕಿ ಮುದುಕ ಆಗ್ಬೇಕು. ಎಂಟು ವರ್ಷ ಕಾಪಾಡಿದೀನಿ! ಇವತ್ತಿಗೂ ಬೆಣ್ಣೆ ಥರ ಇದೆ. ಹೆಂಗೆ? ಕೇಳಿಸ್ಕೋ, ಇನ್ನೊಂದ್ಸಲ ಹೇಳಲ್ಲ. ಬೇಕಾದಷ್ಟು ತಗೊಂಡ ತಕ್ಷಣ ಮುಚ್ಚಳ ಹಾಕ್ಬೇಕು. ಸುತ್ತ ಸೈಕಲ್ ಟ್ಯೂಬ್ ಬಿಗೀಬೇಕು. ಕೊಳೆ ಬಟ್ಟೆ ಅದ್ದಬಾರ್ದು, ಕಾರು ಒರೆಸೋ ಒದ್ದೆ ಚರ್ಮ ಪಕ್ಕದಲ್ಲಿ ಇಡಬಾರ್ದು, ಬೂಷ್ಟು ಹಿಡಿಯುತ್ತೆ. ಡಬ್ಬ ಮಗುಚಿ ಇಡ್ಬೇಕು. ನೀರಾಗಿರೋ ಪಾಲಿಶ್ ಸೀಸೆ ಮಾತ್ರ ನೆಟ್ಟಗೆ. ಎಲ್ಲಕ್ಕಿಂತ ಹೆಚ್ಚಾಗಿ ತಂಪು ಬೇಕು, ಬೇಸಿಗೆಗೂ ಚಳಿಗಾಲಕ್ಕೂ ಒಂದೇ ತಂಪು. ಆ ತಗಡಿನ ಶೆಡ್ಡಲ್ಲಿ ಎಲ್ಲಿಂದ ಬರುತ್ತೆ?

ನನಗೆ ಹೊಳೀತು ನೋಡು. ಹಗೇವು! ಬಾ, ಹಿತ್ತಲಿಗೆ ಬಾ. ಇದೇ. ಭೂಮಿ ಒಳಗೆ ಎರಡಾಳು ಆಳ, ಬಾಯಿ ಮಾತ್ರ ಒಬ್ಬ ಇಳಿಯೋವಷ್ಟು. ನಮ್ಮ ತಾತನ ಕಾಲದಿಂದ ರಾಗಿ ತುಂಬಿಡೋ ಜಾಗ. ಆ ರಾಗಿಯಲ್ಲಿ ಡಬ್ಬಗಳನ್ನ ಹೂತಿಟ್ಟಿದೀನಿ. ಮೇಲೆ ಚಪ್ಪಡಿ, ಚಪ್ಪಡಿ ಸುತ್ತ ಕೆಮ್ಮಣ್ಣು. ಇಡೀ ಬೆಂಗಳೂರಲ್ಲಿ ಯಾವ ಕಾರಿನೋನಿಗೆ ಬಂದಿತ್ತೋ ಈ ಬುದ್ಧಿ? ಆಯುಧಪೂಜೆ ಆದ್ಮೇಲೆ ತೆಗೆದೇ ಇಲ್ಲ. ಚಪ್ಪಡಿ ಸರಿಸು. ಹಾಂ… ಇನ್ನೂ ಸ್ವಲ್ಪ… ಸಾಕು. ಇಳಿ. ಬಲಗಡೆ ಗೋಡೆ ಹತ್ರ ಅಗೆದ್ರೆ ಒಂದು ಡಬ್ಬ ಸಿಗುತ್ತೆ. ಒಂದೇ ತಗೋ.

ಏನ್ ನಿಂತಿದೀಯ? ಹತ್ತು ಗಂಟೆ ರೈಲಿಗೆ ನನ್ನ ಮಗಳು ಜಯಾನ ನೋಡೋಕೆ ದೊಡ್ಡಬಳ್ಳಾಪುರದೋರು ಯಲಹಂಕದಲ್ಲಿ ಇಳೀತಾರೆ. ಎರಡು ಸಂಬಂಧ ಆಗ್ಲೇ ಕೈಬಿಟ್ಟು ಹೋಗಿದೆ. ಈ ಸಲ ಅವರು ಹುಡುಗೀನ ನೋಡೋಕೆ ಮುಂಚೆ ಕಾರು ನೋಡ್ಬೇಕು. ಬಾಗಿಲಲ್ಲಿ ಮುಖ ನೋಡ್ಕೊಂಡು ಮೀಸೆ ತಿದ್ಕೋಬೇಕು, ಹಂಗೆ ಹೊಳೀಬೇಕು! ಇಳಿಯೋ!

…ಎಲ್ಲಿಗೆ ಹೋಗಿದ್ದೆ? ಲಾಟೀನು ಯಾಕೆ? ಇಷ್ಟು ಬೆಳಕಿದೆ, ಕಣ್ಣು ಕಾಣಲ್ವಾ?

ಹಗ್ಗ ಯಾಕೆ ಕಟ್ತಿದೀಯ ಅದಕ್ಕೆ? ಓ… ನಿನಗ್ಯಾರು ಹೇಳಿಕೊಟ್ರು ಇದನ್ನ? ನಿಮ್ಮಪ್ಪನಾ? ನಿಮ್ಮಪ್ಪ ಹಗೇವಿಂದ ರಾಗಿ ತೆಗೆಯೋ ಕೆಲಸಕ್ಕೆ ಹೋಗ್ತಿದ್ನಾ? ಯಶವಂತಪುರದ ಗ್ಯಾರೇಜಿನೋನು, ಇದೆಲ್ಲ ಗೊತ್ತಿರಲ್ಲ ಅಂತ ತಾನೆ ನಿನ್ನ… ಏನಿಲ್ಲ. ಏನೂ ಅನ್ನಲಿಲ್ಲ.

ಹೂಂ, ನನಗೂ ಗೊತ್ತು ಕಣೋ. ಒಳಗೆ ಉಸಿರು ಕಟ್ಟಿಸೋ ಕೆಟ್ಟ ಗಾಳಿ ಇರುತ್ತೆ, ಹಗೇವಿನ ಬಾಯಿ ತೆಗೆದು ಅರ್ಧ ದಿನ ಗಾಳಿ ಆಡೋಕೆ ಬಿಡ್ಬೇಕು. ದೀಪ ಇಳಿಸಿ ನೋಡ್ಬೇಕು, ಉರಿದ್ರೆ ಇಳೀಬೇಕು, ಆರಿದ್ರೆ ಇಳೀಬಾರ್ದು. ಮುದುಕರ ಮಾತು! ಅರ್ಧ ದಿನ ಕಾಯ್ತಾ ಕೂತ್ರೆ ಬೀಗರು ಸ್ಟೇಷನ್ನಿಂದ ನಡ್ಕೊಂಡು ಬರ್ಬೇಕಾ?

ಯಾಕೆ ಹಂಗೆ ನೋಡ್ತೀಯ? ಪಿಳ್ಳಪ್ಪನ ವಿಷಯಾನಾ? ಯಾರೋ ಕಿವಿ ಊದಿದಾರೆ. ಅವನು ಸತ್ತಿದ್ದು ಇಲ್ಲೇ, ಸುಳ್ಳು ಯಾಕೆ ಹೇಳ್ಲಿ. ಆಯುಧಪೂಜೆ ದಿನ. ನಾನು ಊರಲ್ಲೇ ಇರಲಿಲ್ಲ, ಹೆಬ್ಬಾಳದಲ್ಲಿ ಮಾವನ ಮನೇಲಿದ್ದೆ. ಕುಡಿದಿದ್ದ, ದೀಪ ಗೀಪ ಏನೂ ನೋಡ್ದೆ ತಾನೇ ಇಳಿದಿದಾನೆ. ಕೊಕ್ಕೆ ಹಾಕಿ ಎತ್ತಿದಾಗ ಕೈಯಲ್ಲಿ ಡಬ್ಬ ಇತ್ತು. ಮುಚ್ಚಳ ಭದ್ರವಾಗಿತ್ತು, ಅದೊಂದು ಒಪ್ಪಬೇಕು. ಅವತ್ತು ಕಾರು ಎಷ್ಟು ಚೆನ್ನಾಗಿ ಹೊಳೀತು ಗೊತ್ತಾ! ಅವನ ಹೆಂಡ್ತಿ ಮುನಿವೆಂಕಟಮ್ಮನಿಗೆ ಇದೇ ಹಗೇವಿನ ರಾಗಿ ಎರಡು ಕೊಳಗ ಅಳೆಸಿ ಕಳಿಸ್ದೆ. ಮುಟ್ಟಲಿಲ್ಲ! ಅಂಗಳದಲ್ಲೇ ಸುರಿದು ಹೋದ್ಳು. ಎಷ್ಟು ಕೊಬ್ಬು ನೋಡು.

ಇಳಿಸು, ಇಳಿಸು ನಿನ್ನ ಲಾಟೀನು. ಅದೂ ಆಗೋಗ್ಲಿ. ಹಾಂ… ನೋಡು, ಉರೀತಾನೇ ಇದೆ. ಇನ್ನೂ ಬಿಡು… ಇನ್ನೂ…

ಆರಿತಾ?

ಗಾಳಿ ಕಣೋ. ಮೇಲಿಂದ ಗಾಳಿ ಬೀಸ್ತು, ನನ್ನ ಪಂಚೆ ಹಾರಲಿಲ್ವಾ? ಇನ್ನೊಂದ್ಸಲ ಹಚ್ಚು. ಬೇಗ. ಗಾಜು ಸರಿಯಾಗಿ ಕೂರಿಸು. ಬಿಡು ಕೆಳಗೆ…

…ಇದೂ ಗಾಳಿಗೇ. ಬತ್ತಿ ಸರಿ ಇಲ್ಲ, ಎಣ್ಣೆ ಇಲ್ಲ, ಏನೋ ಒಂದು! ಎಷ್ಟು ಅಂಜುಬುರುಕ ನೀನು. ಎರಡು ನಿಮಿಷದ ಕೆಲಸ, ಉಸಿರು ಬಿಗಿ ಹಿಡಿದು ಇಳಿ, ತಗೊಂಡು ಹತ್ತು. ಪಿಳ್ಳಪ್ಪನೇ ವಾಸಿ. ಅವನೂ ನಿನ್ನ ಹಂಗೇ ಲಾಟೀನು ಹಿಡ್ಕೊಂಡು, "ಬುದ್ದೀ, ದೀಪ ಆರೋಯ್ತು ಬುದ್ದೀ, ಒಸಿ ಒತ್ತು ಬುಟ್ಟು ಇಳೀತೀನಿ" ಅಂತ ಗೋಗರೆದ. ಗಾಳಿ ಕಣೋ, ಇಳಿ ಅಂದೆ. ಎದುರು ಮಾತಾಡ್ದೆ ಇಳಿದ…

…

ಅಲ್ಲ, ಹಂಗಂತ… ಹಂಗಂತ ಆಮೇಲೆ ಯಾರೋ ಹೇಳಿದ್ರು ನನಗೆ. ನಾನು ಹೆಬ್ಬಾಳದಲ್ಲಿದ್ದೆ. ಹೆಬ್ಬಾಳದಲ್ಲಿದ್ದೆ ಕಣೋ! ಬೇಕಾದ್ರೆ ಮಾವನ್ನ ಕೇಳು. ನಜೀರ… ಲೋ… ಲಾಟೀನು ಯಾಕೆ ಮೇಲೆ ಎಳೀತಿದೀಯ?

ಏನದು? ಹಗ್ಗ ಯಾಕೆ ನನ್ನ ಕೈಗೆ ಕೊಡ್ತಿದೀಯ? ತಗೋ, ಹಿಡ್ಕೋ ನೀನೇ. ಕೈ ಬಿಡು! ಯಾಕೆ ಒಳಗೆ ಬೆರಳು ತೋರಿಸ್ತಿದೀಯ? ನಾನಾ? ಗಾಳಿ ಅಂದಿದ್ದು ನಾನೇ, ಸರಿ, ಅದಕ್ಕೆ? ಅದಕ್ಕೆ ನಾನು ಇಳೀಬೇಕಾ? ತಲೆ ಕೆಟ್ಟಿದೆಯೇನೋ ನಿನಗೆ? ದೀಪ ಆರಿದ ಮೇಲೆ ಯಾವನಾದ್ರೂ ಇಳೀತಾನೇನೋ!