ನಿಧಾನದ ಪ್ರೊಸೆಸರ್

ಟೈಲರಮ್ಮ ಎಂದೇ ಎಲ್ಲರೂ ಕರೆಯುವ ನಾನು, ವಯಸ್ಸು ಐವತ್ತೆರಡು, ವೃತ್ತಿ ಹೊಲಿಗೆ, ವಾಸ ಸೇತುವೆ ಪಕ್ಕದ ಓಣಿಯ ಮೂರನೇ ಮನೆ, ಮುಂದಿನ ಕೋಣೆಯಲ್ಲೇ ಅಂಗಡಿ. ಗಂಟಲ ಆಪರೇಷನ್ ಆದ ಮೇಲೆ ನನಗೆ ದನಿ ಇಲ್ಲ. ಆದ್ದರಿಂದ ಠಾಣೆಯಲ್ಲಿ ಕುಳಿತು, ಸ್ವಂತ ಕೈಬರಹದಲ್ಲಿ, ಈ ಮೂಲಕ ತಿಳಿಸುವುದೇನೆಂದರೆ:

ಅಂಗಡಿಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ನಾನು ಟೈಪ್ ಮಾಡಿದ್ದನ್ನು ಅದು ಗಟ್ಟಿಯಾಗಿ ಹೇಳುತ್ತದೆ. ಆರು ವರ್ಷದಿಂದ ಅದೇ ನನ್ನ ಬಾಯಿ. ಫೋನಿನಲ್ಲೂ ಮಾತಾಡುವ ಹುಡುಗಿ ಇದ್ದಾಳೆ, ಆದರೆ ನಾನು ಬೈಗುಳ ಟೈಪ್ ಮಾಡಿದರೂ ಅವಳು ಕ್ಷಮೆ ಕೇಳಿದ ಹಾಗೆ ಹೇಳುತ್ತಾಳೆ. ಹಳೆಯದರದು ಗೊಗ್ಗರು ದನಿ, ನಿಧಾನ. ಬೈದರೆ ಬೈದ ಹಾಗೇ ಇರುತ್ತದೆ.

ಇಂದು ಬೆಳಿಗ್ಗೆ ಹತ್ತು ಗಂಟೆಗೆ ನಾನು ದಾರದುಂಡೆ ತರಲು ಹೋಗಿದ್ದಾಗ, ಹಳೇ ಕಂಪ್ಯೂಟರ್‌ಗಳ ಹುಚ್ಚಿರುವ ನನ್ನ ತಮ್ಮ ಬಂದು ಅದರ ಪ್ರೊಸೆಸರ್ ಎಂಬ ಬಿಲ್ಲೆ ಕಿತ್ತು, ವೇಗದ್ದೊಂದನ್ನು ಕೂರಿಸಿದ. ನಾನು ವಾಪಸು ಬಂದಾಗ, ಅಕ್ಕಾ, ಎತ್ತಿನ ಗಾಡಿಗೆ ಇಂಜಿನ್ ಹಾಕಿದ್ದೀನಿ ನೋಡು ಎಂದು ಹೇಳಿ ಹೋದ. ಆಮೇಲೆ ಗಿರಾಕಿಯೊಬ್ಬರು ಬಂದರು. ಕೋಟು ನಾಳೆ ಸಿಗುತ್ತದೆ ಎಂದು ಟೈಪ್ ಮಾಡಿದೆ. ಕಂಪ್ಯೂಟರ್ ಅಷ್ಟನ್ನೂ ಕೀಚ್ ಎಂದು ಮುಗಿಸಿತು. ಗಿರಾಕಿ ಇಲಿ ಬಂತೆಂದು ಎರಡೂ ಕಾಲು ಕುರ್ಚಿಯ ಮೇಲೆ ಎತ್ತಿಕೊಂಡರು. ನನಗೆ ನಗು ಬರಲಿಲ್ಲ. ಎರಡನೇ ಸಲ ದನಿ ಕಳಕೊಂಡೆನಲ್ಲ ಎಂದು ಅತ್ತುಬಿಟ್ಟೆ.

ತಮ್ಮನನ್ನು ಕರೆಸಿದೆ. ಆ ಹಳೇ ಮಾತಿನ ಪ್ರೋಗ್ರಾಂ ಪ್ರೊಸೆಸರಿನ ವೇಗಕ್ಕೇ ತಾಳ ಹಾಕುವಂಥದ್ದು, ಇದು ಓಡಿದರೆ ಮಾತೂ ಓಡುತ್ತದೆ ಎಂದು ಆಗ ತಿಳಿಸಿದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ! ಹಳೆಯದನ್ನೇ ಕೂರಿಸು ಎಂದು ಬರೆದು ತೋರಿಸಿದೆ. ತಲೆ ಕೆರೆದುಕೊಂಡು, ಅದನ್ನು ಗುಜರಿಯವರಿಗೆ ಕೊಟ್ಟುಬಿಟ್ಟೆ, ಅವರು ಆ್ಯಸಿಡ್‌ಗೆ ಹಾಕಿ ಅದರಲ್ಲಿರೋ ಚಿನ್ನ ತೆಗೀತಾರೆ, ಅಂಥದ್ದು ಇನ್ನೊಂದು ಸಿಗೋದಿಲ್ಲ ಎಂದ.

ಗುಜರಿ ಶೆಡ್ಡು ಅರ್ಧ ಕಿಲೋಮೀಟರ್ ದೂರ. ಓಡಿದೆ. ಗುಜರಿಯವರು ಆ್ಯಸಿಡ್ ಡ್ರಮ್ಮಿನ ಮುಚ್ಚಳಕ್ಕೆ ಕೈ ಹಾಕಿದ್ದರು. ನಿಲ್ಲಿಸಿ ಎಂದು ಕೂಗಲು ನನ್ನಿಂದಾಗದು. ಹೋಗಿ ಮುಚ್ಚಳದ ಮೇಲೆ ಕುಳಿತೆ. ಏಳಮ್ಮಾ, ತಲೆಗಿಲೆ ಕೆಟ್ಟಿದೆಯಾ ಎಂದರು. ಬರೆದು ತೋರಿಸಿದೆ. ಕನ್ನಡಕ ತಂದಿಲ್ಲ ಎಂದರು. ಓದುವವರು ಬರಲಿ ಎಂದು ಕಾಲ ಮೇಲೆ ಕಾಲು ಹಾಕಿದೆ. ಅವರು ಪೊಲೀಸರಿಗೆ ಫೋನ್ ಮಾಡಿದರು. ಒಳ್ಳೆಯದೇ ಆಯಿತು, ಪೇದೆಯವರ ಬಳಿ ಕನ್ನಡಕವಿತ್ತು. ಅಷ್ಟರಲ್ಲಿ ತಮ್ಮ ಏದುಸಿರು ಬಿಡುತ್ತಾ ಬಂದು, ಆ್ಯಸಿಡ್‌ಗೆ ಹಾಕಲು ತಟ್ಟೆಯಲ್ಲಿಟ್ಟಿದ್ದ ರಾಶಿಯಿಂದ ನನ್ನದನ್ನು ಹೆಕ್ಕಿ ಕೊಟ್ಟ.

ನಾನು ಶೆಡ್ಡಿಗೆ ನುಗ್ಗಿದೆ, ಮಾಲು ಎತ್ತಿಕೊಂಡೆ ಎಂದು ಗುಜರಿಯವರು ದೂರಿದ್ದಾರೆ. ನುಗ್ಗಿದ್ದು ನಿಜ. ಮಾಲು ನನ್ನದು, ನನ್ನನ್ನು ಕೇಳದೆ ಕೊಟ್ಟದ್ದು. ತನಿಖೆ ಮುಗಿಯುವವರೆಗೆ ಅದು ಠಾಣೆಯಲ್ಲಿರಲಿ ಎಂದು ಇನ್ಸ್‌ಪೆಕ್ಟರ್ ಸಾಹೇಬರು ಹೇಳುತ್ತಿದ್ದಾರೆ. ಕರೆದಾಗಲೆಲ್ಲ ಬರುತ್ತೇನೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ. ಬಾಯಿಯನ್ನೇ ಕಿತ್ತಿಟ್ಟುಕೊಂಡು ಮಾತಾಡು ಎಂದರೆ ಆಗದು. ಅದು ನನ್ನ ಎಡ ಮುಷ್ಟಿಯಲ್ಲಿದೆ. ಜಪ್ತಿ ಮಾಡಲೇಬೇಕಿದ್ದರೆ ಕೈ ಸಮೇತ ಮಾಡಿ.

ಮೇಲಿನದೆಲ್ಲ ನಾನು ಕಂಡದ್ದು, ಮಾಡಿದ್ದು, ಸತ್ಯ. ಯಾರೂ ಓದಿ ಹೇಳಬೇಕಾಗಿಲ್ಲ, ನಾನೇ ಬರೆದು ನಾನೇ ಓದಿದ್ದೇನೆ.

ಸ್ಥಳ: ಠಾಣೆ, ಬರಹಗಾರರ ಮೇಜು
ದಿನಾಂಕ: ಈ ತಿಂಗಳ ಹದಿನಾಲ್ಕು, ಸಂಜೆ
ಸಹಿ: ಟೈಲರಮ್ಮ (ಹೆಬ್ಬೆಟ್ಟು ಕೇಳಬೇಡಿ, ಎಡಗೈಗೆ ಬಿಡುವಿಲ್ಲ)