ಹಾದಿಯಾಳ ಬ್ರೈಲ್ ಮಿಷನ್

ಅಮೆರಿಕದ ಕ್ಯಾಂಟನ್ನಿನ ಇಂಡಿಯನ್ ಸ್ಟೋರಿನಲ್ಲಿ ಕ್ಯೂ ಸಾಗದೆ ನನಗೆ ಸಿಟ್ಟು ನೆತ್ತಿಗೇರಿತ್ತು. ನನ್ನ ಮುಂದೆ ಶರ್ಫುನ್ನೀಸಾ ತನ್ನ ಪಕ್ಕದ ಮನೆಯ ಶಿವಬಸಪ್ಪನವರಿಗೆ ಕಣ್ಣು ಕಾಣದ ಮಗಳ ಸುದ್ದಿ ಹೇಳುತ್ತಿದ್ದಳು.

“ಹಾದಿಯಾ ಮತ್ತೆ ಓದ್ತಿದಾಳೆ ಅಂಕಲ್.”

“ಅಕಿ ಬ್ರೈಲ್ ಮಿಷನ್ ಹೊಸ ಕಂಪ್ಯೂಟರಿಗೆ ಕೂಡಂಗಿಲ್ಲ, ಕಂಪನಿನೂ ಮುಚ್ಚೇತಿ ಅಂದಿದ್ದೆಲ್ಲವಾ?”

“ಇಂಟರ್‌ನೆಟ್‌ನಲ್ಲಿ ಯಾರ್ಯಾರೋ ದುಡ್ಡು ಕೂಡಿಸಿ ಒಬ್ಬ ಪ್ರೋಗ್ರಾಮರ್ ಕೈಲಿ ಅದು ಹೊಸ ಕಂಪ್ಯೂಟರ್‌ಗೆ ಕೂಡೋ ಹಾಗೆ ಡ್ರೈವರ್ ಸಾಫ್ಟ್‌ವೇರ್ ಬರೆಸಿದ್ರು. ಈಗ ಎಲ್ರಿಗೂ ಫ್ರೀ.”

“ರೊಕ್ಕ ಕೊಟ್ಟವರ ಮನ್ಯಾಗೂ ಅಂಥಾ ಮಿಷನ್ ಐತೇನು?”

“ಬಹಳ ಜನರ ಹತ್ರ ಇಲ್ಲ.”

“ಇಲ್ದನ ಕೊಟ್ಟಾರಾ! ನಾನೂ ಕೊಡ್ತೀನವಾ.”

“ಅದು ಮುಗೀತು ಅಂಕಲ್. ಈಗ ಬ್ರೆಜಿಲ್‌ನಲ್ಲಿ ಯಾರದೋ ಮಿಷನ್‌ಗೆ ದುಡ್ಡು ಕೂಡಿಸ್ತಿದಾರೆ. ಈದ್‌ಗೆ ಬಂದ ದುಡ್ಡೆಲ್ಲ ಹಾದಿಯಾ ಅದಕ್ಕೇ ಹಾಕಿದ್ಲು.”

“ಯಾರದಂತ?”

“ನಾನೂ ಕೇಳಿದೆ. ‘ಡಸ್ ಇಟ್ ಮ್ಯಾಟರ್, ಅಮ್ಮಿ?’ ಅಂದ್ಲು.”

ಶಿವಬಸಪ್ಪನವರು ಶರ್ಫುನ್ನೀಸಾಳ ಅಕ್ಕಿಚೀಲ ಎತ್ತಿ ಕೌಂಟರಿನ ಮೇಲಿಟ್ಟರು.