ಚೀಟಿ ಮುಚ್ಚಿದ ತಟ್ಟೆಗಳು

ನರರೋಗ ವೈದ್ಯರ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದ ಯುವಕ ಪುಸ್ತಕ ತೆರೆದಿದ್ದನೇ ಹೊರತು ಓದುತ್ತಿರಲಿಲ್ಲ. ಅವನ ಕಿವಿಯೆಲ್ಲ ಪಕ್ಕದ ಬೆಂಚಿನಲ್ಲಿತ್ತು. ಅಲ್ಲಿ ಕೈ ನಡುಗುವ ತಾಯಿ, ಪ್ರಯೋಗಾಲಯದಿಂದ ನೇರವಾಗಿ ಬಂದಿದ್ದ ಮಗಳು.

“ಅದೇನೋ ಕಾಯೋ ಪ್ರೋಟೀನ್ ಅಂದ್ಯಲ್ಲ, ಇನ್ನೊಂದ್ಸಲ ಹೇಳು.”

“ಚಾಪರೋನ್ ಅಮ್ಮ. ಬೇರೆ ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳೋ ಹಾಗೆ ನೋಡ್ಕೊಳ್ಳುತ್ತೆ. ಅದು ಸೋತ್ರೆ ಅವೆಲ್ಲ ಅಡ್ಡಾದಿಡ್ಡಿ ಮಡಚಿಕೊಂಡು ನರದ ಕೋಶಗಳಲ್ಲಿ ಗಂಟು ಕಟ್ತವೆ.”

“ನಮ್ಮತ್ತೆ ಅನ್ನು. ಯಾರನ್ನೂ ಸೊಟ್ಟಗೆ ಕೂರೋಕೆ ಬಿಡ್ತಿರಲಿಲ್ಲ.”

ಮಗಳು ನಕ್ಕಳು. “ಆ ಅತ್ತೇನ ಚುರುಕು ಮಾಡೋ ಔಷಧಿನ ನಿನ್ನ ಥರದ್ದೇ ಕಾಯಿಲೆ ಇರೋ ನಮ್ಮ ಲ್ಯಾಬಿನ ಹುಳಗಳಿಗೆ ಕೊಟ್ವಿ. ಗಂಟು ಅರ್ಧಕ್ಕರ್ಧ ಕಡಿಮೆಯಾಗಿದೆ.”

“ಎಣಿಸಿದ್ದು ಯಾರು?”

“ನಾನೇ. ಆದ್ರೆ ಔಷಧಿ ಹುಳಗಳ ಯಾವ ತಟ್ಟೇಲಿದೆ ಅಂತ ನನಗೆ ಗೊತ್ತಾಗದ ಹಾಗೆ, ಗೆಳತಿ ಕೈಲಿ ತಟ್ಟೆಗಳ ಮೇಲಿನ ಚೀಟಿಗಳನ್ನೆಲ್ಲ ಮುಚ್ಚಿಸಿದ್ದೆ.”

“ಯಾಕೆ, ನಿನ್ನ ಕಣ್ಣನ್ನ ನೀನೇ ನಂಬಲ್ವ?”

“ನಿನ್ನ ವಿಷಯದಲ್ಲಿ ನಂಬಲ್ಲ. ಕಡಿಮೆ ಇರಲಿ ಅಂತಲೇ ಎಣಿಸಿಬಿಡ್ತೀನಿ.”

ಯುವಕ ಸುಮ್ಮನೆ ಹಾಳೆ ತಿರುವುತ್ತಿದ್ದುದನ್ನೂ ನಿಲ್ಲಿಸಿದ.

“ನನಗೆ ಸಿಗುತ್ತೇನೇ ಆ ಔಷಧಿ?”

“ಹುಳ ದಾಟಿ ಮನುಷ್ಯರಿಗೆ ಬರೋಕೆ ಎಷ್ಟೋ ವರ್ಷ ಬೇಕಮ್ಮ. ನಿನಗೆ ಸಿಗೋದು ಕಷ್ಟ.”

“ಹೋಗ್ಲಿ ಬಿಡು, ಹುಳಗಳಾದ್ರೂ ನೆಟ್ಟಗಿರ್ಲಿ. ನೀನು ಸುಳ್ಳು ಹೇಳಲಿಲ್ಲವಲ್ಲ, ನನಗಷ್ಟು ಸಾಕು.”

ನರ್ಸ್ ಬಂದು ಕರೆದಳು. ತಾಯಿ ನಡುಗುವ ಕೈಯನ್ನು ಮಗಳತ್ತ ಚಾಚಿದಳು.

“ಹಿಡ್ಕೋ. ಇದಕ್ಕೇನೂ ಚೀಟಿ ಮುಚ್ಚಬೇಕಾಗಿಲ್ಲ.”

ಮಗಳು ಹಿಡಿದುಕೊಂಡಳು. ಬಾಗಿಲು ಮುಚ್ಚುವವರೆಗೂ ಇಬ್ಬರ ನಗು ಕೇಳುತ್ತಿತ್ತು.